ಕತ್ತಿನ ಮಟ್ಟದ ನೀರು

ಹೆಮ್ಮರಗಾಲದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಇಂಜಿನಿಯರ್ ಗುರುಸಿದ್ದಯ್ಯನ ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು, ಅಂಗಿಯ ಜೇಬಿನಲ್ಲಿ ಇನ್ನೊಂದು. ತೊಡೆಯ ಮೇಲಿನದರಲ್ಲಿ ಈಜುವ ಚಡ್ಡಿ, ಜೇಬಿನದರಲ್ಲಿ ವಿಭೂತಿ. ಮನುಷ್ಯನೊಬ್ಬ ಒಂದೇ ಕೆಲಸಕ್ಕೆ ಈ ಎರಡನ್ನೂ ಹೊತ್ತುಕೊಂಡು ಹೊರಡಬೇಕಾಗಿ ಬಂದರೆ ಅವನ ಬದುಕಿನಲ್ಲಿ ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಹಾಗೆಂದು ಅವನಿಗೇ ಅನ್ನಿಸಿ, ಪಕ್ಕದಲ್ಲಿ ಕೂತ ಹೆಂಗಸು ತನ್ನನ್ನು ಗಮನಿಸುತ್ತಿದ್ದಾಳೇನೋ ಎಂದು ಓರೆಗಣ್ಣಿನಲ್ಲಿ ನೋಡಿದ. ಅವಳು ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು. ತೆರೆದ ಬಾಯಿ ಕಂಡರೆ ಗುರುವಿಗೆ ಈಚೆಗೆ ಆಗುತ್ತಿರಲಿಲ್ಲ. ಅವನ ಫಜೀತಿಯೆಲ್ಲ ಶುರುವಾದದ್ದೇ ಒಂದು ತೆರೆದ ಬಾಯಿಯಿಂದ, ಆ ಬಾಯಿ ಅವನದೇ.

ಟಿ. ನರಸೀಪುರದಲ್ಲಿ ರೈಸ್‌ಮಿಲ್ ಇಟ್ಟುಕೊಂಡಿದ್ದ ನಂಜುಂಡೇಶ್ ಅವನನ್ನು ಮೊದಲ ಸಲ ಮನೆಗೆ ಕರೆಸಿದ ದಿನ ಸೋಮವಾರವಾಗಿತ್ತು. ಹೊರಡುವಾಗ ಗುರುವಿನ ತಾಯಿ ಮಾದಪ್ಪನ ಹೆಸರು ಹೇಳಿ ಮಗನ ಹಣೆಯ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದಳು. ಹೆಂಡತಿ ಕವನ ಅದನ್ನು ಕಂಡೂ ಕಾಣದವಳಂತೆ ಟಿಫಿನ್ ಡಬ್ಬಿ ತುಂಬುತ್ತಿದ್ದಳು. ಕವನ ಶಾಲೆಯಲ್ಲಿ ಟೀಚರು. ಮದುವೆಯಾಗಿ ಬಂದ ಮೇಲೆ ನಂಜನಗೂಡಿನ ಬಾಡಿಗೆ ಮನೆಯ ಹಾಲಿನಲ್ಲಿ ಬುದ್ಧನನ್ನೂ ಬಾಬಾಸಾಹೇಬರನ್ನೂ ಗೋಡೆಗೆ ಹತ್ತಿಸಿ, ಅತ್ತೆಯ ಮಾದಪ್ಪನನ್ನು ಅಡುಗೆಮನೆಯ ಶೆಲ್ಫಿಗೆ ಕಳಿಸಿ, ಅಲ್ಲಿಗೆ ಯುದ್ಧ ನಿಲ್ಲಿಸಿದವಳು. ಅವತ್ತು ನರಸೀಪುರದ ಮನೆಯ ಪಡಸಾಲೆಯಲ್ಲಿ ನಂಜುಂಡೇಶ್ ಮೊದಲು ನೋಡಿದ್ದು ಆ ಹಣೆಯನ್ನು. ಹೆಸರೇನು ಅಂದ. ಗುರುಸಿದ್ದಯ್ಯ. ತಂದೆಯವ್ರ ಹೆಸರು? ಮಾದಯ್ಯ. ಯಾವೂರು? ತಗಡೂರು. "ಓ, ನಮ್ಮೋರೇ ಅನ್ನಿ" ಎಂದು ನಂಜುಂಡೇಶ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ತಗಡೂರಿನ ಮಾದಯ್ಯಂದಿರು ಎರಡೂ ಕಡೆ ಇದ್ದರು, ಲಿಂಗವಂತರ ಬೀದಿಯಲ್ಲೂ ದಲಿತರ ಕೇರಿಯಲ್ಲೂ. ಗುರು ಕೇರಿಯ ಮಾದಯ್ಯನ ಮಗ. ಅದನ್ನು ಹೇಳಲೆಂದೇ ಬಾಯಿ ತೆರೆದ. ಸರಿಯಾಗಿ ಅದೇ ಹೊತ್ತಿಗೆ ಕಾಫಿ ಬಂತು. ತೆರೆದ ಬಾಯಿಯನ್ನು ಸುಮ್ಮನೆ ಮುಚ್ಚುವುದು ಹೇಗೆ, ಕಾಫಿ ಕುಡಿದ. ಒಳ್ಳೆಯ ಕಾಫಿ. ಹಿತ್ತಾಳೆ ಲೋಟ, ಬೆಳಗಿ ಬೆಳಗಿ ಚಿನ್ನದಂತಾಗಿತ್ತು. ಅದನ್ನು ಕುಡಿದು ಕೆಳಗಿಟ್ಟಾಗ ಒಳಗಿನಿಂದ ಬಂದ ನಂಜುಂಡೇಶನ ತಾಯಿ ಚನ್ನಾಜಮ್ಮ ತಾನೇ ಬಗ್ಗಿ ಲೋಟ ಎತ್ತಿಕೊಂಡು ಹೋದಳು. ಗುರುವಿನ ಮೈ ಜುಮ್ಮೆಂದಿತು. ಹಿಂದೆ ಇಂಥ ಎಷ್ಟೋ ಮನೆಗಳಲ್ಲಿ ಅವನು ತಾನು ಕುಡಿದ ಲೋಟವನ್ನು ತಾನೇ ತೊಳೆದಿಟ್ಟು ಬಂದವನು. ಅವತ್ತು ಆ ಮುದುಕಿಯ ಕೈಯಲ್ಲಿ ತನ್ನ ಎಂಜಲು ಲೋಟ ಒಳಗೆ ಹೋದದ್ದನ್ನು ನೋಡಿ ಅವನಿಗೆ ಸಂತೋಷವಾಯಿತು, ನಾಚಿಕೆಗೇಡಿನ ಸಂತೋಷ. ಆ ಸಂತೋಷಕ್ಕಾಗಿ ತನ್ನನ್ನು ತಾನು ಕ್ಷಮಿಸಿಕೊಳ್ಳಲು ಇವತ್ತಿಗೂ ಆಗಿರಲಿಲ್ಲ.

ಬಸ್ಸು ಒಂದು ಹಳ್ಳ ಹಾರಿತು. ಪಕ್ಕದ ಹೆಂಗಸು ಎಚ್ಚರಗೊಂಡು, "ಎಲ್ಲಿಗಪ್ಪ?" ಎಂದಳು. ಹೆಮ್ಮರಗಾಲದ ಹತ್ತಿರ, ಒಂದು ತೋಟದ ಮನೆಗೆ, ಎಂದ. "ಆ ರೈಸ್‌ಮಿಲ್ನೋರ್ದಾ? ಅದೇನೋ ತೊಟ್ಟಿ ಕಟ್ಟವ್ರಂತಲ್ಲ, ತೊಟ್ಟಿಗೊಂದು ಮನೆಯಂತೆ." ಹೌದು ಎಂದ. "ನೀರ್ಗೆ ಮನೆ ಯಾಕಂತೆ? ಅದ್ಕೇನು ಚಳಿಯಾದದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ನಿದ್ದೆ ಹೋದಳು.

ನೀರಿಗೆ ಮನೆ ಯಾಕೆ ಎಂಬುದು ಗುರುವಿಗೂ ಮೊದಲು ಗೊತ್ತಿರಲಿಲ್ಲ. ನಂಜನಗೂಡು ಬಸ್ ಸ್ಟ್ಯಾಂಡಿನ ಹಿಂದಿನ ಮಹಡಿಯಲ್ಲಿ ಆಫೀಸಿಟ್ಟು ಎರಡು ಬೆಡ್‌ರೂಮಿನ ಮನೆ, ಮೂರು ಬೆಡ್‌ರೂಮಿನ ಮನೆ, ಅಂಗಡಿ ಮಳಿಗೆ, ಇವಿಷ್ಟನ್ನೇ ಹಿಂದೆ ಮುಂದೆ ಮಾಡಿ ಪ್ಲಾನ್ ಬರೆಯುತ್ತಿದ್ದವನು ಅವನು. ನಂಜುಂಡೇಶನ ಹೆಂಡತಿ ನಂದಿತಾ ಯಾವುದೋ ರೆಸಾರ್ಟಿನಲ್ಲಿ ಉಳಿದು ಬಂದು, ತೋಟದ ಮನೆಗೆ ಈಜುಕೊಳ ಬೇಕು, ಕೊಳದ ಪಕ್ಕ ಪೂಲ್ ಹೌಸ್ ಬೇಕು ಎಂದಿದ್ದಳು. ಗುರು ಮೈಸೂರಿಗೆ ಹೋಗಿ ಹಳೇ ಪುಸ್ತಕದ ಅಂಗಡಿಯಲ್ಲಿ ಫಾರಿನ್ ಮ್ಯಾಗಝಿನ್‌ಗಳನ್ನು ತಂದು ಓದಿದ. ಕೊನೆಗೆ ಅವನಿಗೆ ಹೊಳೆದದ್ದು ಇಷ್ಟು: ಪೂಲ್ ಹೌಸ್ ಎಂದರೆ ಬಟ್ಟೆ ಬಿಚ್ಚುವ ಮನೆ. ಉಳಿದ ಮನೆಗಳಲ್ಲಿ ಮನುಷ್ಯ ಬಟ್ಟೆ ಹಾಕಿಕೊಂಡು ಹೊರಗೆ ಬರುತ್ತಾನೆ, ಇಲ್ಲಿ ಬಟ್ಟೆ ಹಾಕಿಕೊಂಡು ಒಳಗೆ ಹೋಗಿ ಬಿಚ್ಚಿಕೊಂಡು ಹೊರಗೆ ಬರುತ್ತಾನೆ. ಈ ಸತ್ಯ ಹೊಳೆದಾಗ ಅವನಿಗೆ ಬಹಳ ಖುಷಿಯಾಗಿತ್ತು, ಯಾಕೆಂದರೆ ಆಗ ಅವನು ಬೇರೆಯವರ ಮೈಗಳ ಬಗ್ಗೆ ಮಾತ್ರ ಯೋಚಿಸುತ್ತಿದ್ದ. ನಂಜುಂಡೇಶ್ ಕೇಳಿದ್ದೂ ವಿಚಿತ್ರವಾಗಿತ್ತು. ಬಟ್ಟೆ ಬದಲಾಯಿಸುವ ರೂಮು ಎರಡು ಬೇಕು, "ನಂಗೊಂದು, ಮಿಕ್ಕೋರ್ಗೊಂದು." ಅವನ ರೂಮಿನಿಂದ ನೇರವಾಗಿ ನೀರಿಗೆ ಮೆಟ್ಟಿಲಿರಬೇಕು, ಮೆಟ್ಟಿಲಿಳಿದ ಕಡೆ ನೀರು ಕತ್ತಿಗೆ ಬರಬೇಕು, "ಅದ್ಕಿಂತ ಕಮ್ಮಿ ಬ್ಯಾಡ ಇಂಜಿನಿಯರ್ರೇ, ನನ್ನ ಅಳ್ತೆ ತಗೊಳಿ ಬೇಕಾದ್ರೆ." ಗುರು ದರ್ಜಿಯವನಂತೆ ಟೇಪು ಹಿಡಿದು ನೆಲದಿಂದ ಅವನ ಕತ್ತಿನವರೆಗೆ ಅಳೆದಿದ್ದ. ಮಿಕ್ಕೋರು ಎಂದರೆ ಯಾರು ಎಂದು ಆ ರಾತ್ರಿ ಹೊರಳಾಡಿದ. ಮಿಕ್ಕವರು ಎಂಬ ಮಾತು ಅವನ ಕಿವಿಗೆ ಬೇರೆ ಥರ ಬೀಳುತ್ತದೆ. ಸೇಡಿಗೆಂದೇ ಎರಡೂ ರೂಮುಗಳ ಷವರಿನ ನೀರು ಒಂದೇ ಚರಂಡಿಯಲ್ಲಿ ಸೇರಿ ಒಂದೇ ಬಾಳೆಗಿಡದ ಬುಡಕ್ಕೆ ಹೋಗುವಂತೆ ಪೈಪು ಎಳೆದ. ಯಾರಿಗೂ ಕಾಣದ ಸೇಡು. ಪ್ಲಾನಿನಲ್ಲಿ ಆ ಗೆರೆ ಎಳೆಯುವಾಗ ಒಬ್ಬನೇ ನಕ್ಕಿದ್ದ.

ನಗು ನಿಂತದ್ದು ಚನ್ನಾಜಮ್ಮ ಒಂದು ದಿನ ಸೈಟಿಗೆ ಬಂದು, "ತೊಟ್ಟಿ ಆದ್ಮ್ಯಾಕೆ ಮೊದ್ಲು ನಂಜುಂಡನೂ ಇಂಜಿನಿಯರಪ್ಪನೂ ಇಳೀಲಿ" ಎಂದಾಗ. ಗಂಗೆ ಪೂಜೆ ಮಾಡಿ, ಮೊದಲು ಇಬ್ಬರು ಮುಳುಗಿ ಎದ್ದು, ಆಮೇಲೆ ಮಿಕ್ಕವರು. ಈ ಸಲ ಮಿಕ್ಕವರಲ್ಲಿ ತಾನಿಲ್ಲ ಎಂಬುದು ಗುರುವಿಗೆ ಥಟ್ಟನೆ ಅರ್ಥವಾಯಿತು, ಅದರ ಹಿಂದೆಯೇ ಇನ್ನೊಂದೂ ಅರ್ಥವಾಯಿತು. ಲಿಂಗವಂತರ ಮನೆಯವನ ಎದೆಯ ಮೇಲೆ ಲಿಂಗವಿರುತ್ತದೆ. ತನ್ನ ಎದೆಯ ಮೇಲೆ ಕೂದಲು ಮಾತ್ರ ಇತ್ತು. ಹಣೆಗೆ ಬೇಕಾದರೆ ವಿಭೂತಿ ಬಳಿದುಕೊಳ್ಳಬಹುದು. ಅದನ್ನು ಅವನು ದಿನವೂ ಮಾಡುತ್ತಿದ್ದ, ಬಸ್ಸಿಳಿದ ಕೂಡಲೇ ಹುಣಸೆಮರದ ಮರೆಯಲ್ಲಿ ಬಳಿದುಕೊಂಡು, ಸಂಜೆ ಬಸ್ಸು ಹತ್ತುವ ಮುಂಚೆ ಕವನಳಿಗೆ ಕಾಣದಿರಲೆಂದು ಕರ್ಚೀಫಿನಲ್ಲಿ ಉಜ್ಜಿಕೊಂಡು. ಎದೆಗೆ ಏನು ಮಾಡುವುದು. ಬನಿಯನ್ ಹಾಕಿಕೊಂಡೇ ಇಳಿಯೋಣವೆಂದರೆ, ಫಿಲ್ಟರ್ ಕಂಪನಿಯವನು ಹೇಳಿದ್ದನ್ನು ಕೇಳಿಕೊಂಡು ತನ್ನ ಪಾಂಡಿತ್ಯ ತೋರಿಸಲು ಅವನೇ ಒಂದು ಬೋರ್ಡು ಬರೆಸಿ ನೆಡಿಸಿಬಿಟ್ಟಿದ್ದ: ಹತ್ತಿಯ ಎಳೆ ಫಿಲ್ಟರಿಗೆ ಸಿಕ್ಕಿಕೊಳ್ಳುವುದರಿಂದ ಬನಿಯನ್, ಲುಂಗಿ, ಟವಲ್ ಧರಿಸಿ ನೀರಿಗೆ ಇಳಿಯಬಾರದು. ಆ ಬೋರ್ಡನ್ನು ಓದಿ ನಂಜುಂಡೇಶನ ಮುಖವೂ ಸಪ್ಪಗಾಗಿತ್ತು. "ಬನಿಯನ್ನೂ ಬ್ಯಾಡ್ವಾ?" ಎಂದಿದ್ದ. ಹೊಟ್ಟೆಯ ನಾಚಿಕೆ ಇರಬೇಕು, ಪಾಪ, ಎಂದುಕೊಂಡಿದ್ದ ಗುರು.

ಆಮೇಲೆ ಶುರುವಾದದ್ದು ಗೋಡೆಯ ಕಥೆ. ಮೆಟ್ಟಿಲಿಗೂ ಜನ ಕೂರುವ ಜಗಲಿಗೂ ನಡುವೆ ಒಂದು ಮೊಣಕಾಲೆತ್ತರದ ಇಟ್ಟಿಗೆ ಗೋಡೆ, ಹೂಕುಂಡ ಇಡಲೆಂದು, ಪ್ಲಾನಿನಲ್ಲಿತ್ತು. ಅದನ್ನು ಸೊಂಟದೆತ್ತರ ಮಾಡಿದರೆ ಹೇಗೆ ಎಂದ ಗುರು, ಧೂಳು ಬರುವುದಿಲ್ಲ. "ಮಾಡಿ, ಧೂಳು ಜಾಸ್ತಿ" ಎಂದ ನಂಜುಂಡೇಶ್, ಕೇಳುವುದಕ್ಕೇ ಕಾದಿದ್ದವನಂತೆ. ಮುಂದಿನ ವಾರ ನಂಜುಂಡೇಶನೇ, "ಗಾಳಿ ನೋಡಿ ಇಂಜಿನಿಯರ್ರೇ, ಎದೆಮಟ್ಟ ಬಂದ್ರೆ ಒಳ್ಳೇದು" ಎಂದ. ಎಲೆ ಉದುರುತ್ತವೆ ಸಾ, ಎಂದು ಗುರು ಭುಜದ ಮಟ್ಟ ಮಾಡಿಸಿದ. ನವಿಲು ಬರ್ತವೆ ಎಂದು ನಂಜುಂಡೇಶ್ ತಲೆಯ ಮಟ್ಟ ಮಾಡಿಸಿದ. ಗೋಡೆ ಮೇಲೇಳುತ್ತ ಹೋದಂತೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಹೆಚ್ಚುತ್ತ ಹೋಯಿತು. ಗಾರೆ ಕೆಲಸದ ಬಸವಣ್ಣ ಒಂದು ದಿನ ಕರಣೆ ಕೆಳಗಿಟ್ಟು, "ಸಾ, ಇದು ಈಜಾಕಾ, ಜೈಲ್ಗಾ?" ಎಂದು ಕೇಳಿದ. ನಂಜುಂಡೇಶ್ ನಕ್ಕು ಗುರುವಿನ ಬೆನ್ನು ತಟ್ಟಿದ. ಬೆನ್ನು ತಟ್ಟಿದ ಕೈ ಬೆಚ್ಚಗಿತ್ತು. ಈ ಮನುಷ್ಯ ಒಳ್ಳೆಯವನು, ಇವನಿಗೆ ಹೇಳಿಬಿಡಬೇಕು ಎಂದು ಗುರುವಿಗೆ ಅನ್ನಿಸಿತ್ತು. ನಾಳೆ ಹೇಳೋಣ ಎಂದೂ ಅನ್ನಿಸಿತ್ತು. ಅದೇ ದಿನ ಜಗಲಿಯ ಮೇಲೆ ಕೂತು ಚನ್ನಾಜಮ್ಮ ಅವನಿಗೆ ಕೈಯಾರೆ ರೊಟ್ಟಿ ಬಡಿಸುತ್ತ ಮಗಳ ಹೆಸರೇನು ಎಂದು ಕೇಳಿದಳು. ಸಂಘಮಿತ್ರಾ ಎಂದು ಕವನ ವಾರಗಟ್ಟಲೆ ಯೋಚಿಸಿ ಇಟ್ಟ ಬೌದ್ಧ ಹೆಸರು. ಗುರು "ಮಿತ್ರಾ" ಎಂದ. ಅರ್ಧ ಹೆಸರನ್ನು ರೊಟ್ಟಿಯ ಜೊತೆ ನುಂಗಿದ. ಮನೆಗೆ ಹೋದಾಗ ಮಗಳು ಓಡಿಬಂದು ಕಾಲು ತಬ್ಬಿಕೊಂಡಳು, ಅವಳನ್ನು ಎತ್ತಿಕೊಳ್ಳಲು ಅವನಿಗೆ ಮುಖವಿರಲಿಲ್ಲ. ಸುಸ್ತಾಗಿದೆ ಮಗ, ಎಂದ. ಕವನ ಅವನ ಹಣೆಯನ್ನೇ ನೋಡಿದಳು. ಹುಬ್ಬಿನ ಮೇಲೆ ಒಂದು ಬಿಳಿ ಗೆರೆ ಉಳಿದಿತ್ತೋ ಏನೋ, "ಸಿಮೆಂಟಾ?" ಎಂದಳು. ಊಂ ಎಂದ. "ಈಗೀಗ ಸಿಮೆಂಟು ಮೂರು ಗೆರೆ ಬರ್ತದೆ" ಎಂದು ಅವಳು ಒಳಗೆ ಹೋದಳು. ಅವಳು ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಜ್ವರ ಎಂದು ಹೇಳಿ ಇವತ್ತು ತಪ್ಪಿಸಿಕೊಳ್ಳಬಹುದಿತ್ತು. ಹಲ್ಲುನೋವು, ಅತ್ತೆಯ ಮನೆ, ಮೈಸೂರಿನಲ್ಲಿ ಕೆಲಸ, ನೆವಕ್ಕೇನು ಬರವೇ. ತಪ್ಪಿಸಿಕೊಳ್ಳಲಿಲ್ಲ, ಯಾಕೆಂದರೆ ಅವನಿಗೆ ಆ ನೀರಿಗೆ ಇಳಿಯುವ ಆಸೆ ಇತ್ತು. ಅದನ್ನು ಬೇರೆ ಯಾವ ದೊಡ್ಡ ಮಾತಿನಲ್ಲಿ ಹೇಳಿದರೂ ಸುಳ್ಳಾಗುತ್ತದೆ, ಬರೀ ಆಸೆ. ಚಿಕ್ಕವನಿದ್ದಾಗ ಊರ ಬಾವಿಗೆ ಹುಡುಗರು ದಬ ದಬ ಹಾರುವುದನ್ನು ದೂರದ ಬೇಲಿಯ ಹಿಂದೆ ನಿಂತು ನೋಡಿದವನು. ಸದ್ದು ಮಾತ್ರ ಇವನ ಪಾಲಿಗೆ, ಒದ್ದೆ ಅವರ ಪಾಲಿಗೆ. ಇವನು ಈಜು ಕಲಿತದ್ದು ನಾಲೆಯ ಕೆಸರು ನೀರಿನಲ್ಲಿ, ಎಮ್ಮೆಗಳ ಜೊತೆ, ಮತ್ತು ಚೆನ್ನಾಗಿ ಕಲಿತಿದ್ದ. ಈಗ ಈ ನೀಲಿ ಟೈಲ್ಸಿನ ನೀರನ್ನು ಪೆನ್ಸಿಲಿನಿಂದ ಎಳೆದವನು ತಾನು. ಅದರ ಉದ್ದ ಅಗಲ ಆಳ ತನ್ನ ಬೆರಳಿಗೆ ಗೊತ್ತು, ಮೈಗೆ ಗೊತ್ತಿಲ್ಲ. ಜೊತೆಗೆ ಗೋಡೆ ಇತ್ತು, ತಲೆಯೆತ್ತರದ ಗೋಡೆ. ಮರೆಯಲ್ಲಿ ಟವಲ್ ಬಿಸಾಕಿ, ನೀರಿಗಿಳಿದು, ಕತ್ತಿನವರೆಗೆ ಮುಳುಗಿ ನಿಂತು, ಮುದುಕಿ ಎದ್ದು ಹೋದ ಮೇಲೆ ಹೊರಗೆ ಬಂದರಾಯಿತು. ಹಾಗೆಂದೇ ಧೈರ್ಯ ಮಾಡಿ ಚಡ್ಡಿ ಕೊಂಡಿದ್ದ.

ಬಸ್ಸಿಳಿದು, ಹುಣಸೆಮರದ ಮರೆಯಲ್ಲಿ ಹಣೆಯ ಕೆಲಸ ಮುಗಿಸಿ, ತೋಟದ ಗೇಟು ದಾಟಿ ಒಳಗೆ ಬಂದ ಗುರು ನಿಂತಲ್ಲೇ ನಿಂತ. ಗೋಡೆ ಇರಲಿಲ್ಲ. ಗೋಡೆ ಇದ್ದ ಕಡೆ ಎರಡು ವರಸೆ ಇಟ್ಟಿಗೆ, ಅದರ ಮೇಲೆ ಸಾಲಾಗಿ ಚೆಂಡುಹೂವಿನ ಕುಂಡಗಳು. ಮೆಟ್ಟಿಲು, ನೀರು, ಜಗಲಿ, ಎಲ್ಲ ಒಂದಕ್ಕೊಂದು ಮುಖ ತೋರಿಸಿಕೊಂಡು ಬೆತ್ತಲೆಯಾಗಿ ಬಿದ್ದಿದ್ದವು. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚನ್ನಾಜಮ್ಮ ಕೂತಿದ್ದಳು, ಕಣ್ಣಿನ ಪೊರೆ ತೆಗೆಸಿಕೊಂಡದ್ದರಿಂದ ಕಪ್ಪು ಕನ್ನಡಕ. "ಬಾ ಮಗ" ಎಂದಳು. "ಗೋಡೆ ನೋಡ್ತಿದ್ದೀಯಾ? ಪೂಜೆಗೆ ಬಂದಿದ್ದ ಅಯ್ನೋರು ಒಪ್ನಿಲ್ಲ. ಈಶಾನ್ಯದ ಮೂಲೇಲಿ ಅಷ್ಟೆತ್ತರ ಎತ್ಬಾರ್ದಂತೆ. ನೆನ್ನೆ ಸಂದೇಲೇ ಕೆಡವುಸ್ಬುಟ್ಟೆ."

ನಂಜುಂಡೇಶ್ ಆಗಲೇ ನೀರಿನಲ್ಲಿದ್ದ. ಆ ಕೊನೆಯಲ್ಲಿ, ಅಳತೆ ತೆಗೆದುಕೊಂಡ ಜಾಗದಲ್ಲಿ, ಕತ್ತಿನವರೆಗೆ. ನೀರಿನ ಮೇಲೆ ಅವನ ತಲೆಯೊಂದೇ ಇಟ್ಟಂತೆ ಕಾಣುತ್ತಿತ್ತು, ಕತ್ತಿನ ಸುತ್ತ ಬಿಳಿಯ ಶಿವದಾರ. ಯಾವಾಗ ಇಳಿದನೋ, ತುಟಿ ಸ್ವಲ್ಪ ನೀಲಿಗಟ್ಟಿತ್ತು. "ಎಷ್ಟೊತ್ತು ಮಾಡುದ್ರಿ ಇಂಜಿನಿಯರ್ರೇ, ಬೇಗ ಬನ್ನಿ" ಎಂದು ಕರೆದ ದನಿಯಲ್ಲಿ ಆಮಂತ್ರಣಕ್ಕಿಂತ ಮೊರೆ ಹೆಚ್ಚಿತ್ತು. ಮನೆಯ ಒಳಗಿನಿಂದ ಒಬ್ಬಟ್ಟು ಬೇಯುವ ವಾಸನೆ ಬರುತ್ತಿತ್ತು. ನಂದಿತಾ ಒಲೆಯ ಮುಂದಿದ್ದಳು.

ಪೂಲ್ ಹೌಸಿನ ಒಳಗೆ ನಿಂತು ಗುರು ಅಂಗಿ ಬಿಚ್ಚಿದ. ತಾನೇ ಬರೆದ ರೂಮು, ಗೂಟಗಳ ಎತ್ತರ ತಾನೇ ಹೇಳಿದ್ದು. ಆಳೆತ್ತರದ ಕನ್ನಡಿಯನ್ನು ಬಾಗಿಲಿಗೆದುರಾಗಿ ಹಾಕಿಸಿದ್ದೂ ತಾನೇ, ಮ್ಯಾಗಝಿನ್ನಿನಲ್ಲಿ ಹಾಗಿತ್ತೆಂದು. ಅದರಲ್ಲಿ ಈಗ ಹಣೆಗೆ ವಿಭೂತಿ, ಸೊಂಟಕ್ಕೆ ನೀಲಿ ಚಡ್ಡಿ ಇರುವ ಒಬ್ಬ ಮನುಷ್ಯ ನಿಂತಿದ್ದ. ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಪರಿಚಯವಿರಲಿಲ್ಲ. ಗುರುವಿಗೆ ನಗು ಬಂತು. ಹಿಂದಿನ ಬಾಗಿಲಿನಿಂದ ಓಡಿಹೋದರೆ ಹೇಗೆ ಎಂದು ನೋಡಿದ. ಹಿಂದಿನ ಬಾಗಿಲನ್ನು ಅವನು ಪ್ಲಾನಿನಲ್ಲಿ ಇಟ್ಟಿರಲಿಲ್ಲ.

ಟವಲನ್ನು ಹೆಗಲ ಸುತ್ತ ಬಿಗಿಯಾಗಿ ಹೊದ್ದು ಹೊರಗೆ ಬಂದ. ಚನ್ನಾಜಮ್ಮನಿಗೆ ಬೆನ್ನು ಮಾಡಿ ಅಡ್ಡಡ್ಡ ನಡೆದು ಮೆಟ್ಟಿಲು ಸೇರಿದ. ಎರಡು ಮೆಟ್ಟಿಲು ಇಳಿದು, ಟವಲನ್ನು ಹಿಂದಕ್ಕೆ ಎಸೆದು, ಅದು ನೆಲಕ್ಕೆ ಬೀಳುವುದರೊಳಗೆ ಮುಳುಗಿಬಿಟ್ಟ. ತಣ್ಣಗಿನ ನೀರು ಮೈಯನ್ನೆಲ್ಲ ಒಂದೇ ಸಲ ಮುಟ್ಟಿತು. ಒಂದು ಗಳಿಗೆ ಅವನು ಲಿಂಗ, ಗೋಡೆ, ಮುದುಕಿ, ಎಲ್ಲವನ್ನೂ ಮರೆತ. ನೀರಿನೊಳಗೆ ಕಣ್ಣು ಬಿಟ್ಟ. ನಾಲೆಯಲ್ಲಿ ಕಣ್ಣು ಬಿಟ್ಟರೆ ಮಣ್ಣು ಕಾಣುತ್ತಿತ್ತು, ಇಲ್ಲಿ ಎಲ್ಲ ಸ್ಪಷ್ಟ, ಒಂದೊಂದು ಟೈಲ್ಸಿನ ಅಂಚೂ ಸ್ಪಷ್ಟ. ಅಷ್ಟೇ ಸ್ಪಷ್ಟವಾಗಿ ಎದುರಿಗೆ ನಂಜುಂಡೇಶನ ದೊಡ್ಡ ಮೈ ನಿಂತಿತ್ತು. ಕತ್ತಿನಿಂದ ಇಳಿದ ಶಿವದಾರ ಎದೆಯ ಮೇಲೆ ತೇಲಾಡುತ್ತಿತ್ತು. ಅದರ ತುದಿಯಲ್ಲಿ ಏನೂ ಇರಲಿಲ್ಲ. ಒಂದು ಗಂಟು, ಅಷ್ಟೇ.

ಗುರು ಮೇಲೆದ್ದು ಉಸಿರು ಬಿಟ್ಟ. ಇಬ್ಬರೂ ಒಬ್ಬರ ಎದೆಯನ್ನೊಬ್ಬರು ನೀರಿನ ಮೂಲಕ ನೋಡಿದರು. ನಂಜುಂಡೇಶನ ಮುಖ ಮೊದಲು ಬೆಳ್ಳಗಾಗಿ, ಆಮೇಲೆ ಹಿಗ್ಗಿತು. "ನಿಮ್ದೂ ಇಲ್ವಾ?" ಎಂದು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ. "ಅಯ್ಯೋ ಮೊದ್ಲೇ ಹೇಳ್ಬಾರ್ದಾ. ನಾನು ಬಿಟ್ಟು ವರ್ಸಗಳಾಯ್ತು. ಕತ್ತು ಕೆರೀತದೆ ಅಂತ ಒಂದಿನ ತೆಗೆದಿಟ್ಟೆ, ಎಲ್ಲಿಟ್ಟೆ ಅನ್ನೋದೇ ಮರ್ತೋಯ್ತು. ಅವ್ವಂಗೆ ಗೊತ್ತಾದ್ರೆ ಪ್ರಾಣ ಬುಟ್ಬುಡ್ತಳೆ. ಅದ್ಕೇ ಗೋಡೆ ಎತ್ತುಸ್ತಾ ಇದ್ದುದ್ದು. ಇವತ್ತು ಅವ್ವ ಬರಾಕ್ಮುಂಚೇನೇ ಇಳ್ದ್ಬುಟ್ಟೆ." ಅದಕ್ಕೇ ಬೇರೆ ರೂಮು, ಅದಕ್ಕೇ ಕತ್ತಿನ ಅಳತೆ. ಗುರುವಿಗೆ ಆ ಒಂದೇ ಚರಂಡಿಯ ಪೈಪು ನೆನಪಾಗಿ ಕೆನ್ನೆ ಬಿಸಿಯಾಯಿತು. ನಂಜುಂಡೇಶ್ ನೀರಿನಡಿಯಲ್ಲಿ ಅವನ ಕೈ ಹಿಡಿದು ಕುಲುಕಿದ, ಒಂದೇ ಜೈಲಿನಲ್ಲಿದ್ದವರಂತೆ. ಆ ಕೈ ಕುಲುಕಿನಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ಗುರು ಅವತ್ತು ಒಬ್ಬಟ್ಟು ತಿಂದು ಮನೆಗೆ ಹೋಗುತ್ತಿದ್ದ.

"ಇಂಜಿನಿಯರಪ್ಪ" ಎಂದು ಜಗಲಿಯಿಂದ ದನಿ ಬಂತು. "ನಿನ್ ಕತ್ತಲ್ಲಿ ದಾರನೇ ಕಾಣಾಕಿಲ್ವಲ್ಲ." ದಾರ. ತಿಂಗಳುಗಟ್ಟಲೆ ಎದೆಯ ಬಗ್ಗೆ ಯೋಚಿಸಿದವನು ಕತ್ತಿನ ಹಿಂಭಾಗವನ್ನು ಮರೆತಿದ್ದ. ಆಪರೇಷನ್ ಆದ ಮೇಲೆ ಮುದುಕಿಗೆ ದೂರದ್ದು ಬಹಳ ಚೆನ್ನಾಗಿ ಕಾಣುತ್ತಿತ್ತು. ಬಿಸಿಲು ಹೊಳೆಯುವ ನೀರಿನ ಕೆಳಗಿನದು ಮಾತ್ರ ಕಾಣುತ್ತಿರಲಿಲ್ಲ. ಗುರು ಬಾಯಿ ತೆರೆಯುವ ಮುಂಚೆ ನಂಜುಂಡೇಶ್, "ಅವ್ರು ಒಳಗೆ ತೆಗೆದು ಮಡಗವ್ರೆ ಕಣವ್ವ, ನೀರ್ನಲ್ಲಿ ಔಸ್ದಿ ಅದೆ ಅಂತ" ಎಂದ. ಎಷ್ಟು ಸಲೀಸಾದ ಸುಳ್ಳು. ತಲೆ ಅಲ್ಲಾಡಿಸಿದರೆ ಸಾಕಾಗಿತ್ತು.

"ತೆಗೀಬಾರ್ದು ಮಗ" ಎಂದಳು ಚನ್ನಾಜಮ್ಮ, ಬೈಯುವ ದನಿಯಲ್ಲಲ್ಲ, ಸ್ವಂತ ಮಗನಿಗೆ ಹೇಳುವ ದನಿಯಲ್ಲಿ. "ನಮ್ ನಂಜುಂಡನ್ನ ನೋಡು, ನೀರಲ್ಲೂ ತೆಗೆದೋನಲ್ಲ. ವಾಪಸ್ ಓಗಿ ಕಟ್ಕೊಂಡು ಬಾ. ಮೊದ್ಲು ನಮ್ಮೋರೇ ಇಳೀಲಿ ಅಂತ ಯಾಕಂದೆ ನಾನು? ನಿಂತ ನೀರು ಕಣಪ್ಪ ಇದು, ಹೊಳೆಯಲ್ಲ. ನಾಳೆ ಯಾರ್ಯಾರೋ ಬತ್ತಾರೆ, ಬರ್ಲಿ, ಕಾಲ ಬಂದದೆ. ಮೊದ್ಲು ನಮ್ಮೋರ ಮೈ ಸೋಕುದ್ರೆ ನೀರು ಚೊಕ್ಕಾಗಿರ್ತದೆ." ಗುರುವಿನ ಒಳಗೆ ಏನೋ ಸರ್ರನೆ ಏರಿತು. ಕೋಪವಿರಬೇಕು. ಆದರೆ ಕೋಪದ ಜೊತೆಗೆ, ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗನಿಗೆ ಆಗುವಂಥ ಒಂದು ತುಂಟ ಸಂತೋಷವೂ ಇತ್ತು, ಯಾಕೆಂದರೆ ಮೈ ಆಗಲೇ ಸೋಕಿ ಆಗಿತ್ತು. ತಲೆ ಮುಳುಗಿಸಿ ಎದ್ದೂ ಆಗಿತ್ತು. ಇನ್ನು ಈ ನೀರಿಗೆ ಏನಾಗಬೇಕೋ ಅದು ಆಗಿಹೋಗಿತ್ತು.

"ಒಳಗೆ ಏನೂ ಮಡ್ಗಿಲ್ಲ ಅಮ್ಮ" ಎಂದ. ತನ್ನ ದನಿ ಇಷ್ಟು ಸಾಮಾನ್ಯವಾಗಿ ಇರುತ್ತದೆ ಎಂದು ಅವನು ಎಣಿಸಿರಲಿಲ್ಲ. "ನಮ್ಮಲ್ಲಿ ಲಿಂಗ ಕಟ್ಟಾಕಿಲ್ಲ. ನಾನು ತಗಡೂರ್ನ ಕೇರಿಯೋನು. ನಮ್ಮಪ್ಪ ಮಾದಯ್ಯ ಗದ್ದೆ ಕೂಲಿ ಮಾಡ್ತಿದ್ದ. ನೀವು ನಮ್ಮೋರು ಅಂದ್ರಿ, ನಾನು ಸುಮ್ನಾದೆ. ಅದು ನನ್ ತಪ್ಪು."

ಚನ್ನಾಜಮ್ಮ ಕಪ್ಪು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. "ಕೇರಿಯೋರಾ" ಎಂದಳು. ಹೂಂ ಎಂದ. "ನಮ್ಮನೇಲಿ ಕಾಫಿ ಕುಡೀತಿದ್ದೆ." ಕುಡೀತಿದ್ದೆ ಅಮ್ಮ, ಎಂದ ಗುರು, ಚೆನ್ನಾಗಿರ್ತಿತ್ತು. ಅವಳು ಅವನನ್ನು ಬಿಟ್ಟು ನೀರನ್ನು ನೋಡಿದಳು, ಆ ಕೊನೆಯಿಂದ ಈ ಕೊನೆಯವರೆಗೆ, ಅಷ್ಟು ನೀರು. ಆಮೇಲೆ ಮಗನನ್ನು ನೋಡಿದಳು. "ನಂಜುಂಡ, ಎದ್ದು ಬಾ."

ನಂಜುಂಡೇಶ್ ಅಲ್ಲಾಡಲಿಲ್ಲ. ಎದ್ದರೆ ಎದೆ. ಎದೆಯ ಮೇಲೆ ಬರಿಯ ಗಂಟು. "ಇರವ್ವ" ಎಂದ, "ನೀರು ಚೆನ್ನಾಗದೆ." ಎದ್ದು ಬಾ ಅಂದ್ನಲ್ಲ ಎಂದಳು. ಇರವ್ವ ಎಂದ. ಮುದುಕಿ ಕುರ್ಚಿಯನ್ನು ಇನ್ನೂ ಒಂದಿಷ್ಟು ಮುಂದಕ್ಕೆ ಎಳೆದುಕೊಂಡು, "ಸರಿ. ನೀನು ಏಳೋಗಂಟ ನಾನೂ ಏಳಾಕಿಲ್ಲ" ಎಂದು ಕೈಕಟ್ಟಿ ಕೂತಳು. ತಾಯಿಯ ಮಾತನ್ನು ಮೀರಿ ಕೇರಿಯವನ ಪಕ್ಕ ಒಂದೇ ನೀರಿನಲ್ಲಿ ನಿಂತ ಲಿಂಗವಂತರ ಮಗ; ಹೊರಗಿನಿಂದ ನೋಡಿದವರಿಗೆ ಎಂಥ ಕ್ರಾಂತಿ. ಕವನ ನೋಡಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳೇನೋ. ಗುರುವಿಗೆ ಗಂಟಲಲ್ಲಿ ನಗು ಗುಳುಗುಳು ಎನ್ನುತ್ತಿತ್ತು. ಆ ಗಂಟಿನ ಸುದ್ದಿ ಈಗ ಅವನ ಬಾಯಲ್ಲಿತ್ತು, ಒಂದು ಮಾತು ಆಡಿದರೆ ಸಾಕು. ಆಡಬೇಕೆನ್ನಿಸಲಿಲ್ಲ. ಬಹಳ ದಿನಗಳ ಮೇಲೆ ತನ್ನ ಎದೆ ಬರಿಯ ಎದೆಯಾಗಿ, ಯಾರಿಗೂ ಏನನ್ನೂ ಹೇಳಬೇಕಿಲ್ಲದೆ, ನೀರಿನಲ್ಲಿ ಹಗುರವಾಗಿತ್ತು. ಇಲ್ಲಿದ್ದ ಮೂವರಲ್ಲಿ ಬೇಕೆಂದಾಗ ಎದ್ದು ಹೋಗಬಲ್ಲವನು ತಾನೊಬ್ಬನೇ ಎಂಬುದು ಅವನಿಗೆ ನಿಧಾನವಾಗಿ ತಿಳಿಯಿತು.

ಸ್ವಲ್ಪ ಹೊತ್ತಾದ ಮೇಲೆ ನಂಜುಂಡೇಶ್ ಗುರುವಿನ ಹತ್ತಿರಕ್ಕೆ ಸರಿದ. ಹಲ್ಲು ಕಟಕಟ ಎನ್ನುತ್ತಿತ್ತು. "ಗುರು" ಎಂದು ಪಿಸುಗುಟ್ಟಿದ, ಮೊದಲ ಸಲ ಹೆಸರು ಹಿಡಿದು. "ನಂಗೆ ಜಾತಿಗೀತಿ ಇಲ್ಲ ಕಣ್ರೀ, ದೇವ್ರಾಣೆ. ನಿಮ್ಗೇ ಗೊತ್ತಲ್ಲ. ಆದ್ರೆ ನೀವಿರೋಗಂಟ ಅವ್ವ ಏಳಾಕಿಲ್ಲ. ನೀವು ಒಸಿ ಎದ್ಬುಡಿ. ನೀರಿಂದ ಆಚೆ ಓಗಿ, ಅಷ್ಟೇ. ಅವ್ಳು ಒಳೀಕೆ ಓಯ್ತಳೆ, ನಾನು ರೂಮ್ಗೆ ನುಗ್ಗುಬುಡ್ತೀನಿ."

ಗುರು ಅವನ ಮುಖ ನೋಡಿದ. ನೀಲಿಗಟ್ಟಿದ ತುಟಿ, ಅಂಗಲಾಚುವ ಕಣ್ಣು. ಅದರಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ತಾಯಿಗೆ ಹೆದರುವ ಒಬ್ಬ ಹುಡುಗನಿದ್ದ. ಆದರೆ ಮಾತು ಅದೇ. ನೀರಿಂದ ಆಚೆ ಹೋಗು. ಗುರುವಿನ ಅಪ್ಪನಿಗೆ ಯಾರೋ ಹೇಳಿದ್ದು, ಅಜ್ಜನಿಗೆ ಇನ್ಯಾರೋ ಹೇಳಿದ್ದು, ಬಾವಿಯ ಬೇಲಿಯ ಹತ್ತಿರ ಗುರುವಿಗೇ ಹೇಳಿದ್ದು. ಈಗ ನಂಜುಂಡೇಶ್ ಎಷ್ಟು ಮರ್ಯಾದೆಯಿಂದ, ಎಷ್ಟು ಸ್ನೇಹದಿಂದ, ಬಹುವಚನ ಸೇರಿಸಿ ಹೇಳುತ್ತಿದ್ದಾನೆ. ನೋವಾಯಿತು. ಎಣಿಸಿದ್ದಕ್ಕಿಂತ ಹೆಚ್ಚೇ ನೋವಾಯಿತು, ಈ ಮನುಷ್ಯನನ್ನು ತಾನು ಇಷ್ಟಪಟ್ಟಿದ್ದರಿಂದ. ಆ ನೋವು ಇಳಿಯಲೆಂದು ಗುರು ಒಂದು ಸಲ ನೀರಿನಡಿಗೆ ಹೋಗಿ ಬಂದ. ಮೇಲೆದ್ದಾಗ ಹಣೆಯ ವಿಭೂತಿ ಪೂರ್ತಿ ತೊಳೆದುಹೋಗಿ ನೀರಿನ ಮೇಲೆ ಮಸುಕು ಬಿಳುಪಾಗಿ ಹರಡುತ್ತಿತ್ತು.

"ಇಲ್ಲ ಸಾ" ಎಂದ ಗುರು. "ನೀರು ಚೆನ್ನಾಗದೆ."

ಹಾಗೆಂದವನೇ ಮಲಗಿದಂತೆ ಹಿಂದಕ್ಕೆ ಒರಗಿ, ಕಾಲಿನಿಂದ ಕೊಳದ ಗೋಡೆಯನ್ನು ಮೆಲ್ಲಗೆ ಒದ್ದು, ಬೆನ್ನ ಮೇಲೆ ತೇಲುತ್ತ ನಡುವಿಗೆ ಬಂದ. ಎದೆ, ಹೊಟ್ಟೆ, ನೀಲಿ ಚಡ್ಡಿ ಎಲ್ಲ ಬಿಸಿಲಿಗೆ ತೆರೆದುಕೊಂಡಿದ್ದವು. ಚನ್ನಾಜಮ್ಮ ಕುರ್ಚಿಯಲ್ಲಿ ಕದಲದೆ ಕೂತಿದ್ದಳು, ನಂಜುಂಡೇಶ್ ಕತ್ತಿನವರೆಗೆ ಮುಳುಗಿ ನಡುಗುತ್ತಿದ್ದ, ಒಳಗಿನಿಂದ ನಂದಿತಾ ಊಟಕ್ಕೆ ಕೂಗಿದಳು. ಯಾರೂ ಏಳಲಿಲ್ಲ. ಮಧ್ಯಾಹ್ನದ ಹೊತ್ತು ಇನ್ನೂ ಬಹಳವಿತ್ತು. ಗುರುವಿಗೆ ಯಾವ ಅವಸರವೂ ಇರಲಿಲ್ಲ.